ವೇದನೋಪಶಮನದಲ್ಲಿ ಪೂರ್ವಿಕರ ಮಾರ್ಗ

(ಶ್ರೀಮಠದ ಮಹೋತ್ಸವದ ನಿಮಿತ್ತ ಕೂಡಿದ ವಿದ್ವದ್ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)

ಅಪ್ಪಣೆಯಾದ ವಿಷಯವನ್ನು ಯಥಾಮತಿ ನಿವೇದಿಸಲು ಉಪಕ್ರಮಿಸುತ್ತೇನೆ. ಈಗಿನ ವೈದ್ಯಶಾಸ್ತ್ರವು ಬೆಳೆದು ಬರುವುದಕ್ಕೆ ಮುಂಚೆ ಮನುಷ್ಯನು ದೇಹದ ನೋವನ್ನು ಹೇಗೆ ಎದುರಿಸಿದನು, ಆ ಮಾರ್ಗಗಳಲ್ಲಿ ನಾವು ಬಿಡತಕ್ಕುದೇನು, ಉಳಿಸಿಕೊಳ್ಳತಕ್ಕುದೇನು ಎಂಬುದೇ ಆ ವಿಷಯವು.

ಉತ್ಸವದ ದಿವಸ ನೋವಿನ ಪ್ರಸ್ತಾಪವೇಕೆಂದು ಕೆಲವರಿಗೆ ತೋರಬಹುದು. ಆದರೆ ಕನ್ನಡ ನಾಡಿನಲ್ಲಿ ಮಠವೆಂಬುದು ಪಾಠ, ಪೂಜೆ, ಅನ್ನದಾನಗಳ ಸ್ಥಾನ ಮಾತ್ರವಾಗಿರಲಿಲ್ಲ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯಲ್ಲಿ ಕಾಳಾಮುಖ ಶೈವರ ಕೋಡಿಯಮಠವಿದ್ದಿತಷ್ಟೆ. ಅದನ್ನು ವರ್ಣಿಸುವ 1162ನೆಯ ಇಸವಿಯ ಶಿಲಾಶಾಸನವು ಅಲ್ಲಿ ನಡೆಯುತ್ತಿದ್ದ ಶಾಸ್ತ್ರಪಾಠಗಳನ್ನೂ, ದೀನರಿಗೂ ಅನಾಥರಿಗೂ ಕುಂಟಕುರುಡರಿಗೂ ದೊರೆಯುತ್ತಿದ್ದ ಅನ್ನವನ್ನೂ ಹೇಳಿ, ಅದರೊಡನೆಯೇ ರೋಗಿಗಳಿಗೆ ಔಷಧೋಪಚಾರ ದೊರೆಯುವ ಸ್ಥಾನವೂ ಅದೇ ಎಂದು ಹೇಳುತ್ತದೆ. ಆದುದರಿಂದ ನರಳುವವನ ಮಾತನ್ನು ಮಠದ ಅಂಗಳದಲ್ಲಿ ಎತ್ತುವುದು ಹೊಸ ಪದ್ಧತಿಯಲ್ಲ. ಎಂಟು ನೂರು ವರ್ಷಗಳಿಗೂ ಹಿಂದಿನ ಪದ್ಧತಿಯು.

ಮೊದಲು ಶಬ್ದವನ್ನು ವಿಚಾರಿಸೋಣ. ‘ವೇದನೆ’ ಎಂಬ ಪದವು ‘ವಿದ್’ ಎಂಬ ಧಾತುವಿನಿಂದ ಹುಟ್ಟಿದುದು. ‘ವೇದ’, ‘ವಿದ್ಯೆ’ಗಳಿಗೂ ಅದೇ ಧಾತು. ವೇದನೆಯೆಂದರೆ ಅರಿವಿಗೆ ಬರುವುದು. ಚರಕಾಚಾರ್ಯರು ಶಾರೀರಸ್ಥಾನದ ಆದಿಯಲ್ಲಿ ವೇದನೆಗೆ ಆಶ್ರಯವಾವುದೆಂದು ಪ್ರಶ್ನೆಯನ್ನೆತ್ತಿ, ಮನಸ್ಸು ಮತ್ತು ಇಂದ್ರಿಯಸಹಿತವಾದ ದೇಹ, ಇವೆರಡೂ ಆಶ್ರಯವೆಂದು ನಿರ್ಣಯಿಸಿರುವರು. ಕೂದಲಿನಲ್ಲಿಯೂ ಉಗುರಿನ ತುದಿಯಲ್ಲಿಯೂ ವೇದನೆಯಿಲ್ಲವೆಂಬುದನ್ನು ಸಹ ಅವರು ಹೇಳದೆ ಬಿಟ್ಟಿಲ್ಲ. ದೇಹಕ್ಕಿಂತ ಮನಸ್ಸನ್ನು ಮೊದಲು ಹೇಳಿರುವುದನ್ನು ಇಲ್ಲಿ ಲಕ್ಷ್ಯಕ್ಕೆ ತಂದುಕೊಳ್ಳಬೇಕು. ಸುಶ್ರುತಾಚಾರ್ಯರಾದರೋ ವ್ರಣದ ನೋವುಗಳನ್ನು ಒಂದೊಂದಾಗಿ ಹೆಸರಿಟ್ಟು ಎಣಿಸಿರುವರು: ಚುಚ್ಚಿದಂತಾಗುವ ತೋದನ, ಸೀಳಿದಂತಾಗುವ ಭೇದನ, ಹೊಡೆದಂತಾಗುವ ತಾಡನ, ಕತ್ತರಿಸಿದಂತಾಗುವ ಛೇದನ, ಮತ್ತು ಚುಮುಚುಮಾಯನ. ಈ ಕಡೆಯ ಹೆಸರು ನಮ್ಮ ಅಜ್ಜಿಯರ ಬಾಯಲ್ಲಿಯೂ ಬರತಕ್ಕ ಮಾತೇ ಸರಿ. ನಮ್ಮ ಕನ್ನಡವೇನು ಬಡವೇ? ನೋವು, ಬೇನೆ, ಶೂಲೆ, ಉರಿ, ಸೆಳೆತ, ಕುಟುಕು, ಜೋಮು, ಹಿಡಿತ, ಸಿಡಿತ ಎಂದು ಒಕ್ಕಲಿಗನೂ ವಿಂಗಡಿಸಿ ಹೇಳಬಲ್ಲನು. ಔಷಧವು ಅಲ್ಪವಾಗಿದ್ದ ಕಾಲದಲ್ಲಿ ನೋವಿಗೆ ಸರಿಯಾದ ಹೆಸರಿಡುವುದೇ ಉಪಶಮನದ ಮೊದಲ ಮೆಟ್ಟಿಲಾಗಿತ್ತು.

ಚಿಕಿತ್ಸೆಗೆ ನಾಲ್ಕು ಪಾದಗಳೆಂದು ಚರಕರು ವಿಧಿಸಿರುವರು: ಭಿಷಕ್ಕು, ದ್ರವ್ಯ, ಉಪಸ್ಥಾತೃ, ರೋಗಿ. ಅಂದರೆ ವೈದ್ಯ, ಔಷಧ, ಉಪಚಾರಕ, ಮತ್ತು ನರಳುವವನೇ. ಮಂಚಕ್ಕೆ ನಾಲ್ಕು ಕಾಲುಗಳಿರುವಂತೆ ಇವು ನಾಲ್ಕೂ ಸಮವಾಗಿರಬೇಕು. ಪೂರ್ವಿಕರ ವೇದನೋಪಶಮನವನ್ನು ಈ ನಾಲ್ಕು ಪಾದಗಳ ಕ್ರಮದಲ್ಲಿಯೇ ಪರೀಕ್ಷಿಸಿದರೆ ವಿಷಯವು ಸುಲಭವಾಗುವುದು. ಔಷಧದಿಂದಲೇ ಆರಂಭಿಸುತ್ತೇನೆ.

ಅಡಿಗೆಯ ಮನೆಯೇ ಮೊದಲನೆಯ ಔಷಧಾಲಯವಾಗಿತ್ತೆಂಬುದನ್ನು ತಾಯಂದಿರಿಗೆ ಬೇರೆ ಹೇಳಬೇಕಾಗಿಲ್ಲ. ಹಲ್ಲುನೋವಿಗೆ ಲವಂಗ, ಹೊಟ್ಟೆನೋವಿಗೆ ಓಮ ಮತ್ತು ಇಂಗು, ತಲೆನೋವಿಗೆ ಶುಂಠಿಯ ಲೇಪ, ಕೀಲುನೋವಿಗೆ ಹರಳೆಣ್ಣೆ ಸವರಿ ಬಿಸಿಮಾಡಿದ ಎಕ್ಕದೆಲೆ, ಮೈಕೈನೋವಿಗೆ ಲಕ್ಕಿಯ ಸೊಪ್ಪು ಹಾಕಿ ಕಾಯಿಸಿದ ನೀರು, ಉಳುಕಿಗೆ ಉಪ್ಪಿನ ಗಂಟಿನ ಕಾವು. ಇವು ಮನೆಮನೆಯ ವಿದ್ಯೆ. ಇವೆಲ್ಲವೂ ಮೂಢನಂಬಿಕೆಯೆಂದು ತಳ್ಳಿಬಿಡುವುದು ಯುಕ್ತವಲ್ಲ. ಲವಂಗದ ಎಣ್ಣೆಯ ಸಾರವನ್ನು ದಂತವೈದ್ಯರು ಈಗಲೂ ಹಲ್ಲಿನ ಕುಳಿಯಲ್ಲಿ ಉಪಯೋಗಿಸುತ್ತಿರುವರು. ಚರಕರು ಸಹ ಸೂತ್ರಸ್ಥಾನದ ನಾಲ್ಕನೆಯ ಅಧ್ಯಾಯದಲ್ಲಿ ಶೂಲಪ್ರಶಮನವೆಂಬ ಹತ್ತು ದ್ರವ್ಯಗಳ ಗಣವನ್ನು ಹೇಳುವಾಗ ಹಿಪ್ಪಲಿ, ಶುಂಠಿ, ಮೆಣಸು, ಜೀರಿಗೆಗಳನ್ನೇ ಎಣಿಸಿರುವರು. ಅಲ್ಲಿಯೇ ವೇದನಾಸ್ಥಾಪನವೆಂಬ ಬೇರೊಂದು ಗಣವೂ ಇದ್ದು, ಅದರಲ್ಲಿ ಕದಂಬ, ಶಿರೀಷ, ಅಶೋಕ ಮೊದಲಾದ ಮರಗಳು ಬರುತ್ತವೆ. ಹೊಟ್ಟೆಯೊಳಗಿನ ಶೂಲೆಯೇ ಬೇರೆ, ಗಾಯದ ವೇದನೆಯೇ ಬೇರೆ ಎಂಬ ವಿವೇಕವು ಈ ವಿಂಗಡಣೆಯಿಂದ ವ್ಯಕ್ತವಾಗುತ್ತದೆ.

ಇವು ಸಣ್ಣ ನೋವಿನ ಮಾತಾಯಿತು. ಕತ್ತಿ ಹಾಕಬೇಕಾದಾಗ, ಎಲುಬು ಮುರಿದಾಗ, ಹುಣ್ಣು ಮಾಂಸವನ್ನು ತಿನ್ನುತ್ತಿರುವಾಗ ಶುಂಠಿ ಮೆಣಸುಗಳು ಏನು ಮಾಡಿಯಾವು? ಶಸ್ತ್ರಕರ್ಮಕ್ಕೆ ಮುಂಚೆ ರೋಗಿಗೆ ಇಷ್ಟವಾದ ಊಟವನ್ನು ಮಾಡಿಸಬೇಕು, ನೋವನ್ನು ತಾಳಲಾರದವನಿಗೆ, ಕುಡಿತದ ಅಭ್ಯಾಸವಿದ್ದರೆ, ತೀಕ್ಷ್ಣವಾದ ಮದ್ಯವನ್ನು ಕುಡಿಸಬೇಕು ಎಂದು ಸುಶ್ರುತರ ವಿಧಿಯಿದೆ. ಅನ್ನದ ಬಲದಿಂದ ಮೂರ್ಛೆ ಬಾರದು, ಮದದಿಂದ ಕತ್ತಿಯ ಅರಿವು ಬಾರದು ಎಂಬುದು ಅವರು ಕೊಡುವ ಕಾರಣ. ಮೂಲವ್ಯಾಧಿ, ಅಶ್ಮರಿ, ಮೂಢಗರ್ಭ ಮುಂತಾದ ಕೆಲವು ಸಂದರ್ಭಗಳಲ್ಲಿ ಮಾತ್ರ ಬರಿಹೊಟ್ಟೆಯಲ್ಲಿಯೇ ಶಸ್ತ್ರಕರ್ಮವು ನಡೆಯಬೇಕು. ಆದರೆ ಮದ್ಯವನ್ನು ಮುಟ್ಟಬಾರದೆಂಬವರ ಗತಿಯೇನು? ಕ್ರಿ. ಶ. ಹನ್ನೆರಡನೆಯ ಶತಮಾನದ ಜಗದ್ದಳ ಸೋಮನಾಥನು ಪೂಜ್ಯಪಾದರ ಗ್ರಂಥವನ್ನನುಸರಿಸಿ ‘ಕರ್ಣಾಟಕ ಕಲ್ಯಾಣಕಾರಕ’ವನ್ನು ಕನ್ನಡದಲ್ಲಿ ರಚಿಸಿದನು. ಮದ್ಯ, ಮಾಂಸ, ಮಧುಗಳನ್ನು ಬಿಟ್ಟ ಚಿಕಿತ್ಸೆಯೇ ಅದರ ವೈಶಿಷ್ಟ್ಯವು. ಆಚಾರವನ್ನೂ ಆರೋಗ್ಯವನ್ನೂ ಒಟ್ಟಿಗೆ ಸಾಧಿಸುವುದು ನಮ್ಮ ಹಿರಿಯ ವೈದ್ಯರಿಗೆ ಎಷ್ಟು ಕಠಿಣವಾದ ಸಮಸ್ಯೆಯಾಗಿತ್ತೆಂಬುದು ಇದರಿಂದ ತಿಳಿಯುತ್ತದೆ.

ಮದ್ಯಕ್ಕಿಂತ ಬಲವಾದ ದ್ರವ್ಯಗಳೂ ಕಾಲಕ್ರಮದಲ್ಲಿ ಬಂದವು. ಶಾರ್ಙ್ಗಧರ ಸಂಹಿತೆಯು ಭಂಗಿಯನ್ನೂ ಅಹಿಫೇನವನ್ನೂ, ಎಂದರೆ ಅಫೀಮನ್ನೂ, ‘ವ್ಯವಾಯಿ’ ದ್ರವ್ಯಗಳಿಗೆ ಉದಾಹರಣೆಯಾಗಿ ಹೇಳುತ್ತದೆ. ಜೀರ್ಣವಾಗುವುದಕ್ಕೆ ಮುಂಚೆಯೇ ದೇಹವನ್ನೆಲ್ಲ ವ್ಯಾಪಿಸುವುದೇ ವ್ಯವಾಯಿಯ ಲಕ್ಷಣ. ನಮ್ಮ ಹೊಲದ ಬದುವಿನಲ್ಲಿ ತಾನಾಗಿ ಬೆಳೆಯುವ ದತ್ತೂರಿಯ ಜಾತಿಯ ಗಿಡಕ್ಕೂ ಇಂಥ ಶಕ್ತಿಯುಂಟು. ಜಪಾನು ದೇಶದ ಹಾನಾವೊಕಾ ಸೈಶೂ ಎಂಬ ವೈದ್ಯನು ದತ್ತೂರಿಯನ್ನೂ ವತ್ಸನಾಭಿಯನ್ನೂ ಕೂಡಿಸಿದ ಕಷಾಯವನ್ನು ಕುಡಿಸಿ, 1804ರಲ್ಲಿ ಒಬ್ಬ ವೃದ್ಧೆಯ ಸ್ತನದ ಗಡ್ಡೆಯನ್ನು ಆಕೆಯು ನಿದ್ರಿಸುತ್ತಿರುವಾಗಲೇ ತೆಗೆದನು. ಆ ಕಷಾಯದ ಪ್ರಮಾಣವನ್ನು ಕಂಡುಹಿಡಿಯಲು ಅವನ ಹೆಂಡತಿಯು ತನ್ನ ಮೇಲೆಯೇ ಪ್ರಯೋಗವನ್ನು ಮಾಡಿಸಿಕೊಂಡು ಕಣ್ಣುಗಳನ್ನು ಕಳೆದುಕೊಂಡಳೆಂದು ಆ ದೇಶದ ಜನರು ಹೇಳುವರು.

ಪೂರ್ವಿಕರ ಔಷಧಗಳ ನಿಜವಾದ ಕೊರತೆಯು ಇಲ್ಲಿಯೇ ಇದ್ದಿತು. ದ್ರವ್ಯವಿತ್ತು, ಪ್ರಮಾಣವು ನಿಶ್ಚಿತವಾಗಿರಲಿಲ್ಲ. ಒಂದು ಹೊಲದ ಅಫೀಮು ಇನ್ನೊಂದು ಹೊಲದ ಅಫೀಮಿನಂತಿರುವುದಿಲ್ಲ. ಒಂದು ಬೀಜ ಕಡಿಮೆಯಾದರೆ ನೋವು ಹೋಗದು, ಒಂದು ಬೀಜ ಹೆಚ್ಚಾದರೆ ಜೀವ ಹೋಗುವುದು. ಹತ್ತೊಂಬತ್ತನೆಯ ಶತಮಾನದ ಆದಿಭಾಗದಲ್ಲಿ ಜರ್ಮನಿಯ ಔಷಧವ್ಯಾಪಾರಿ ಸೆರ್ಟ್ಯೂರ್ನರನು ಅಫೀಮಿನಿಂದ ಮಾರ್ಫೀನೆಂಬ ಸಾರವನ್ನು ಬೇರ್ಪಡಿಸಿದ ಮೇಲೆ ನೋವಿನ ಔಷಧವನ್ನು ತೂಗಿ ಕೊಡುವುದು ಸಾಧ್ಯವಾಯಿತು. ಹೊಸ ವೈದ್ಯಶಾಸ್ತ್ರವು ಇಲ್ಲಿ ಮಾಡಿದ ಉಪಕಾರವು ಗಿಡವನ್ನು ಕಂಡುಹಿಡಿದುದಲ್ಲ, ಗುಂಜಿಯ ತೂಕವನ್ನು ಕಂಡುಹಿಡಿದುದು.

ಇನ್ನು ಎರಡನೆಯ ಪಾದ, ವೈದ್ಯನ ಕೈ. ಔಷಧವು ದುರ್ಬಲವಾಗಿದ್ದಾಗ ನೋವನ್ನು ಕಡಿಮೆ ಮಾಡಲು ವೈದ್ಯನಿಗೆ ಉಳಿದಿದ್ದ ಉಪಾಯವೊಂದೇ: ಬೇಗ ಮುಗಿಸುವುದು. ಶಸ್ತ್ರವೈದ್ಯನಿಗೆ ಧೈರ್ಯವಿರಬೇಕು, ಕೈ ಚುರುಕಾಗಿರಬೇಕು, ಶಸ್ತ್ರವು ಹರಿತವಾಗಿರಬೇಕು, ಬೆವರಬಾರದು, ನಡುಗಬಾರದು, ದಿಗ್ಭ್ರಮೆಗೊಳ್ಳಬಾರದು ಎಂದು ಸುಶ್ರುತರು ಹೇಳಿರುವರು. ಅದಕ್ಕಾಗಿ ಶಿಷ್ಯನು ಮೊದಲು ಸೋರೆಕಾಯಿ, ಸೌತೆಕಾಯಿ, ಕಲ್ಲಂಗಡಿಗಳ ಮೇಲೆ ಕೊಯ್ಯುವುದನ್ನೂ, ಬಟ್ಟೆ ಮತ್ತು ಮೆದುವಾದ ಚರ್ಮದ ಮೇಲೆ ಹೊಲಿಯುವುದನ್ನೂ, ಸತ್ತ ಪಶುಗಳ ಸಿರೆಗಳ ಮೇಲೆ ಸಿರಾವೇಧವನ್ನೂ ಅಭ್ಯಾಸ ಮಾಡಬೇಕು. ಬಹುಶ್ರುತನಾದರೂ ಕೈಕೆಲಸದ ಅಭ್ಯಾಸವಿಲ್ಲದವನು ಕರ್ಮಕ್ಕೆ ಯೋಗ್ಯನಲ್ಲವೆಂಬುದು ಅವರ ಖಂಡಿತವಾದ ಅಭಿಪ್ರಾಯ. ಕತ್ತಿಯಿಂದ ಉಂಟಾದ ತೀವ್ರವಾದ ವೇದನೆಯು ಜ್ಯೇಷ್ಠಮಧುವನ್ನು ಕೂಡಿಸಿದ ಉಗುರುಬೆಚ್ಚಗಿನ ತುಪ್ಪವನ್ನು ಸುರಿಯುವುದರಿಂದ ಶಾಂತವಾಗುವುದೆಂದೂ ಅವರು ಹೇಳಿರುವರು. ಕೊಯ್ದ ಕೈಯೇ ಸಂತೈಸಲೂ ಬೇಕೆಂಬ ಭಾವವು ಇದರಲ್ಲಿ ಅಡಗಿರುವುದು.

ಈ ವಿದ್ಯೆಯು ಗ್ರಂಥಗಳಲ್ಲಿ ಮಾತ್ರ ಉಳಿದುದಲ್ಲ. ಟೀಪು ಸುಲ್ತಾನನೊಡನೆ ನಡೆದ ಯುದ್ಧದಲ್ಲಿ ಇಂಗ್ಲಿಷರ ಸೈನ್ಯದ ಎತ್ತಿನ ಗಾಡಿಗಳನ್ನು ಹೊಡೆಯುತ್ತಿದ್ದ ಕವಾಸ್‌ಜಿ ಎಂಬವನು 1792ರಲ್ಲಿ ಸೆರೆ ಸಿಕ್ಕಿ, ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡನು. ಸುಮಾರು ಒಂದು ವರ್ಷದ ತರುವಾಯ ಪುಣೆಯ ಹತ್ತಿರ ಕುಶಲನಾದ ಒಬ್ಬ ದೇಶೀ ವೈದ್ಯನು ಹಣೆಯ ಚರ್ಮವನ್ನು ಇಳಿಸಿ ಅವನಿಗೆ ಹೊಸ ಮೂಗನ್ನು ಕಟ್ಟಿದನು. ಆ ವರ್ತಮಾನವು 1794ರ ಅಕ್ಟೋಬರಿನಲ್ಲಿ ಲಂಡನ್ನಿನ ಒಂದು ಮಾಸಪತ್ರಿಕೆಯಲ್ಲಿ ಪ್ರಕಟವಾಗಿ, ಯುರೋಪಿನ ವೈದ್ಯರು ಅದನ್ನು ಕಲಿತುಕೊಂಡರು. ವೈದ್ಯನ ಕೌಶಲ್ಯವನ್ನು ಎಲ್ಲರೂ ಕೊಂಡಾಡಿದರು. ಅರಿವಳಿಕೆಯ ಔಷಧವಿಲ್ಲದ ಆ ಕಾಲದಲ್ಲಿ ಹಣೆಯ ತೊಗಲನ್ನು ಸುಲಿಯುವಾಗ ಆ ಗಾಡಿಯಾಳು ಏನನ್ನು ಅನುಭವಿಸಿದನೆಂದು ಮಾತ್ರ ಯಾರೂ ಬರೆದಿಡಲಿಲ್ಲ.

ಬರೆದಿಟ್ಟವರೂ ಉಂಟು. ಫ್ಯಾನಿ ಬರ್ನಿಯೆಂಬ ಇಂಗ್ಲಿಷ್ ಲೇಖಕಿಗೆ 1811ರ ಸೆಪ್ಟೆಂಬರ್ 30ರಂದು ಪ್ಯಾರಿಸಿನಲ್ಲಿ ನೆಪೋಲಿಯನ್ನನ ಸೈನ್ಯದ ಪ್ರಸಿದ್ಧ ವೈದ್ಯ ಲಾರ್ರೆಯು ಸ್ತನಚ್ಛೇದವನ್ನು ಮಾಡಿದನು. ಕೊಟ್ಟುದು ಸ್ವಲ್ಪ ದ್ರಾಕ್ಷಾರಸದ ಪಾನಕ, ಮುಖದ ಮೇಲೆ ಹೊದಿಸಿದುದು ಒಂದು ತೆಳುವಾದ ವಸ್ತ್ರ. ಆ ವಸ್ತ್ರದ ಮೂಲಕ ಆಕೆಗೆ ಉಕ್ಕಿನ ಹೊಳಪು ಕಾಣುತ್ತಿತ್ತು. ತಿಂಗಳುಗಟ್ಟಲೆ ಅದನ್ನು ಕುರಿತು ಮಾತನಾಡಲಾರದೆ, ಬಳಿಕ 1812ರಲ್ಲಿ ತನ್ನ ಅಕ್ಕನಿಗೆ ದೀರ್ಘವಾದ ಪತ್ರವನ್ನು ಬರೆದಳು. ಆಕೆಯು ಬದುಕಿದಳು, 1840ರವರೆಗೂ ಬದುಕಿದಳು. ಆದರೆ ಹಾಗೆ ಬದುಕುವುದಕ್ಕಾಗಿ ತೆತ್ತ ಬೆಲೆಯು ಎಷ್ಟೆಂಬುದನ್ನು ಆ ಪತ್ರವನ್ನು ಓದಿದವರೇ ಬಲ್ಲರು. ಹಿಂದಿನ ಕಾಲವೇ ಸುಖವಾಗಿತ್ತೆಂದು ನಿಟ್ಟುಸಿರು ಬಿಡುವವರು ಇದನ್ನು ನೆನಪಿನಲ್ಲಿಡಬೇಕು.

ವೈದ್ಯನ ಕೈಯಿಂದ ಹಿತವಾದುದೂ ಉಂಟು, ಅಹಿತವಾದುದೂ ಉಂಟು. ಮುರಿದ ಎಲುಬನ್ನು ಕೂಡಿಸಿ ಬಿದಿರಿನ ದಬ್ಬೆ ಕಟ್ಟುವ ಮನೆತನಗಳವರು ಎಷ್ಟೋ ಜನರ ಕೈಕಾಲುಗಳನ್ನು ಉಳಿಸಿರುವರು. ಕೊಂಬು ಹಚ್ಚಿ, ಜಿಗಣೆ ಬಿಟ್ಟು ಕೆಟ್ಟ ರಕ್ತವನ್ನು ತೆಗೆಯುವುದೂ ಇತ್ತು. ಕಾಸಿದ ಕಬ್ಬಿಣದಿಂದ ಬರೆ ಹಾಕುವುದಾದರೋ ಒಂದು ನೋವನ್ನು ಇನ್ನೊಂದು ನೋವಿನಿಂದ ಮರೆಸುವ ಉಪಾಯ. ಶಾಸ್ತ್ರದ ಅಗ್ನಿಕರ್ಮಕ್ಕೆ ವಿಧಿನಿಷೇಧಗಳಿದ್ದವು, ಬಾಲಕರಿಗೆ ಅದು ನಿಷಿದ್ಧವೇ ಆಗಿತ್ತು. ಆ ವಿಧಿಗಳು ಮರೆತುಹೋಗಿ ಬರೆ ಮಾತ್ರ ಉಳಿಯಿತು. ಕಾಮಾಲೆಯೆಂದೋ, ಹೊಟ್ಟೆಯುಬ್ಬರವೆಂದೋ ಹಸುಗೂಸಿನ ಹೊಟ್ಟೆಯ ಮೇಲೆ ಬರೆ ಹಾಕುವ ಪದ್ಧತಿಯು ಇಂದಿಗೂ ಕೆಲವು ಹಳ್ಳಿಗಳಲ್ಲಿ ನಿಂತಿಲ್ಲ. ಇದು ಸಂಪ್ರದಾಯವಲ್ಲ, ಸಂಪ್ರದಾಯದ ಹೆಸರಿನಿಂದ ನಡೆಯುವ ಹಿಂಸೆಯು. ಈ ಪವಿತ್ರಸ್ಥಾನದಲ್ಲಿ ನಿಂತು ಇದನ್ನು ಸ್ಪಷ್ಟವಾಗಿ ಹೇಳಬೇಕಾದುದು ನನ್ನ ಕರ್ತವ್ಯವೆಂದು ಭಾವಿಸುತ್ತೇನೆ.

ವೈದ್ಯನ ಕೈಯ ಈ ಬವಣೆಯು ಕೊನೆಗಂಡ ಕಥೆಯನ್ನು ಸಂಕ್ಷೇಪವಾಗಿ ಹೇಳುವೆನು. 1845ರಲ್ಲಿ ವಂಗದೇಶದ ಹೂಗ್ಲಿಯಲ್ಲಿ ಎಸ್‌ಡೇಲ್ ಎಂಬ ವೈದ್ಯನು ಸಂಮೋಹನದಿಂದ ರೋಗಿಗಳನ್ನು ಮಲಗಿಸಿ ದೊಡ್ಡ ದೊಡ್ಡ ಗಡ್ಡೆಗಳನ್ನು ಕೊಯ್ದು ತೆಗೆದನು. ಸಹಾಯಕರು ಗಂಟೆಗಟ್ಟಲೆ ರೋಗಿಯ ಬಳಿ ಕುಳಿತು ಮೈಮೇಲೆ ಕೈಯಾಡಿಸುತ್ತಿದ್ದರು. ಮರುವರ್ಷವೇ, 1846ರ ಅಕ್ಟೋಬರ್ 16ರಂದು, ಅಮೇರಿಕದ ಬಾಸ್ಟನ್ ನಗರದಲ್ಲಿ ಮಾರ್ಟನ್ ಎಂಬವನು ಈಥರಿನ ಆವಿಯನ್ನು ಮೂಸಿಸಿ ಎಲ್ಲರ ಎದುರಿಗೆ ನೋವಿಲ್ಲದ ಶಸ್ತ್ರಕರ್ಮವು ಸಾಧ್ಯವೆಂದು ತೋರಿಸಿದನು. 1847ರಲ್ಲಿ ಎಡಿನ್‌ಬರೋ ನಗರದ ಸಿಂಪ್ಸನ್ನನು ಕ್ಲೋರೋಫಾರಂ ಎಂಬ ಔಷಧವನ್ನು ಬಳಕೆಗೆ ತಂದನು. ಆ ಔಷಧವು ನಿರಪಾಯವೇ ಎಂಬುದನ್ನು ಪರೀಕ್ಷಿಸಲು 1888 ಮತ್ತು 1889ರಲ್ಲಿ ಹೈದರಾಬಾದಿನಲ್ಲಿಯೇ ಎರಡು ಸಮಿತಿಗಳು ಕೂಡಿದ್ದವು. ಕಲಬುರ್ಗಿ, ರಾಯಚೂರು, ಬೀದರ ಪ್ರಾಂತಗಳು ಆಗ ಅದೇ ನಿಜಾಮನ ಆಡಳಿತಕ್ಕೆ ಸೇರಿದ್ದವು. ಸಾವಿರಾರು ವರ್ಷಗಳ ಕಾಲ ಮನುಷ್ಯನು ಹಲ್ಲುಕಚ್ಚಿ ತಾಳಿದುದನ್ನು ಈ ಕೆಲವು ದಶಕಗಳು ಬದಲಾಯಿಸಿದವು. ಇದು ಮನುಷ್ಯಕುಲಕ್ಕೆ ದೊರೆತ ಮಹೋಪಕಾರಗಳಲ್ಲೊಂದೆಂದು ಒಪ್ಪದವನು ಕೃತಘ್ನನೇ ಸರಿ.

ಮೂರನೆಯ ಪಾದವು ಉಪಚಾರಕನದು. ಪೂರ್ವಿಕರ ಬಲವು ಮುಖ್ಯವಾಗಿ ಇಲ್ಲಿದ್ದಿತು. ಉಪಚಾರಕನಿಗೆ ಇರಬೇಕಾದ ಗುಣಗಳು ನಾಲ್ಕೆಂದು ಚರಕರು ಹೇಳಿರುವರು: ಉಪಚಾರದ ತಿಳಿವಳಿಕೆ, ದಕ್ಷತೆ, ಶುಚಿತ್ವ, ಮತ್ತು ಅನುರಾಗ. ಅನುರಾಗವನ್ನು ಅವರು ಶುಚಿತ್ವದೊಡನೆ ಸಮವಾಗಿ ಎಣಿಸಿರುವರೆಂಬುದನ್ನು ಗಮನಿಸಬೇಕು. ಸೂತ್ರಸ್ಥಾನದ ಹದಿನೈದನೆಯ ಅಧ್ಯಾಯದಲ್ಲಿ ಆತುರಾಲಯವನ್ನು ಸಜ್ಜುಗೊಳಿಸುವ ಕ್ರಮವು ಬರುತ್ತದೆ. ಗಾಳಿ ಬೆಳಕು ಎಷ್ಟಿರಬೇಕು, ಒರಳು ಒನಕೆಗಳೆಲ್ಲಿರಬೇಕು, ಅಡಿಗೆಯವನೂ ಸ್ನಾನಮಾಡಿಸುವವನೂ ಮೈಯೊತ್ತುವವನೂ ಎಂಥವರಿರಬೇಕು ಎಂದು ವಿಸ್ತರಿಸಿ ಹೇಳಿ, ಅನಂತರ ಹಾಡು ವಾದ್ಯಗಳಲ್ಲಿಯೂ ಕಥೆ, ಗಾಥೆ, ಇತಿಹಾಸ, ಪುರಾಣಗಳಲ್ಲಿಯೂ ಕುಶಲರಾದ, ರೋಗಿಯ ಇಂಗಿತವನ್ನರಿತ ಜನರು ಅಲ್ಲಿರಬೇಕೆಂದು ಆಚಾರ್ಯರು ವಿಧಿಸುತ್ತಾರೆ. ಕಥೆ ಹೇಳುವವನಿಗೆ ಆಸ್ಪತ್ರೆಯಲ್ಲಿ ಏನು ಕೆಲಸವೆಂದು ಇಂದಿನವನು ಕೇಳಿಯಾನು. ವೇದನೆಗೆ ಮನಸ್ಸೂ ಆಶ್ರಯವೆಂದು ನಿರ್ಣಯಿಸಿದ ಶಾಸ್ತ್ರವು ಮನಸ್ಸಿಗೆ ಔಷಧವನ್ನು ವಿಧಿಸದೆ ಹೇಗೆ ಬಿಟ್ಟೀತು?

ಗ್ರಂಥವನ್ನು ಓದದವರೂ ಇದನ್ನು ಬಲ್ಲವರಾಗಿದ್ದರು. ಹೆರಿಗೆಯ ಬೇನೆಗಿಂತ ಸಾಮಾನ್ಯವೂ ದೊಡ್ಡದೂ ಆದ ನೋವು ಯಾವುದಿದೆ? ಅದನ್ನು ಕಳೆಯುವ ಔಷಧವು ಹಳ್ಳಿಯ ಸೂಲಗಿತ್ತಿಯ ಬಳಿ ಇರಲಿಲ್ಲ. ಆದರೆ ಆಕೆಯು ಬಸುರಿಯ ಬೆನ್ನನ್ನು ನೀವುತ್ತ, ಬಿಸಿನೀರು ಹಾಕುತ್ತ, ನಡೆದಾಡಿಸುತ್ತ, ಹರಳೆಣ್ಣೆ ಸವರುತ್ತ, ‘ಇನ್ನೊಂದು ಗಳಿಗೆ ತಾಯಿ, ಆಯಿತು ಮಗಳೇ’ ಎನ್ನುತ್ತ ರಾತ್ರಿಯೆಲ್ಲ ಅಗಲದೆ ಇರುತ್ತಿದ್ದಳು. ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರು ಸಂಭಾವನೆಯನ್ನು ಬಯಸದೆ ಸಹಸ್ರಾರು ಹೆರಿಗೆಗಳನ್ನು ಮಾಡಿಸಿ, 2018ರಲ್ಲಿ ಪದ್ಮಶ್ರೀ ಪ್ರಶಸ್ತಿಯನ್ನು ಪಡೆದು, ಅದೇ ವರ್ಷದ ಡಿಸೆಂಬರಿನಲ್ಲಿ ಕಾಲವಾದರು. ಹೆರಿಗೆಯಲ್ಲಿ ಆಗ ತಾಯಂದಿರೂ ಕೂಸುಗಳೂ ಎಷ್ಟು ಮಂದಿ ಸಾಯುತ್ತಿದ್ದರೆಂಬುದನ್ನು ನಾನು ಮರೆಯುವುದಿಲ್ಲ. ಹೆರಿಗೆಯು ಆಸ್ಪತ್ರೆಯಲ್ಲಿಯೇ ಆಗತಕ್ಕುದು. ಆದರೆ ಎಡೆಬಿಡದೆ ಒಬ್ಬರು ಜೊತೆಗಿದ್ದು ಧೈರ್ಯ ಹೇಳಿದರೆ ಬಸುರಿಗೆ ನೋವಿನ ಔಷಧದ ಅವಶ್ಯಕತೆಯೇ ಕಡಿಮೆಯಾಗುವುದೆಂದು ಅನೇಕ ದೇಶಗಳ ಪರೀಕ್ಷೆಗಳನ್ನು ಒಟ್ಟುಗೂಡಿಸಿ ನೋಡಿದ ಈ ಕಾಲದ ವೈದ್ಯರೇ ಹೇಳಿರುವರು.

ನೊಂದ ಜಾಗವನ್ನು ನೀವಿದರೆ ನೋವು ಇಳಿಯುವುದೇಕೆ? 1965ರಲ್ಲಿ ಮೆಲ್ಜಾಕ್ ಮತ್ತು ವಾಲ್ ಎಂಬಿಬ್ಬರು ಪಂಡಿತರು ಬೆನ್ನುಹುರಿಯಲ್ಲಿ ನೋವಿನ ಸುದ್ದಿಗೆ ಒಂದು ಬಾಗಿಲಿರುವುದೆಂದೂ, ಸ್ಪರ್ಶದ ಸುದ್ದಿಯು ಬಂದಾಗ ಆ ಬಾಗಿಲು ಕಿರಿದಾಗುವುದೆಂದೂ, ಮೇಲಿನಿಂದ ಮೆದುಳು ಸಹ ಅದನ್ನು ತೆರೆದು ಮುಚ್ಚಬಲ್ಲುದೆಂದೂ ಪ್ರತಿಪಾದಿಸಿದರು. 1975ರಲ್ಲಿ ಅಫೀಮಿನಂತೆಯೇ ಕೆಲಸಮಾಡುವ ರಸಗಳು ನಮ್ಮ ಮೆದುಳಿನಲ್ಲಿಯೇ ಹುಟ್ಟುವುವೆಂದು ಗೊತ್ತಾಯಿತು. ಔಷಧವಲ್ಲದ ಔಷಧವನ್ನು ನಂಬಿಕೆಯಿಂದ ಸೇವಿಸಿದವನಿಗೆ ನೋವು ಇಳಿಯುವುದು ಸಹ ಈ ರಸಗಳ ಸಹಾಯದಿಂದಲೇ ಎಂದು 1978ರ ಒಂದು ಪ್ರಯೋಗವು ಸೂಚಿಸಿತು. ತಾಯಿಯು ಬಿದ್ದ ಮಗುವಿನ ಮೊಣಕಾಲನ್ನು ಉಜ್ಜಿ ಊದುವುದು ಬರಿಯ ವಿನೋದವಲ್ಲವೆಂಬುದು ಹೀಗೆ ಸಿದ್ಧವಾಯಿತು. ಆದರೆ ಊದುವುದರಿಂದ ಮುರಿದ ಎಲುಬು ಕೂಡುವುದೆಂದು ಯಾರೂ ತಿಳಿಯಬಾರದು. ಸಂಗವು ನೋವನ್ನು ತಗ್ಗಿಸುವುದು, ರೋಗವನ್ನು ಕಳೆಯುವುದಿಲ್ಲ.

ಕಡೆಯದಾಗಿ ನಾಲ್ಕನೆಯ ಪಾದ, ರೋಗಿಯೇ. ನಮ್ಮ ಸಮಾಜಕ್ಕೆ ಹೆಚ್ಚು ಪ್ರಯೋಜನಕಾರಿಯೆಂದು ನಾನು ಭಾವಿಸುವ ಮಾತು ಇಲ್ಲಿದೆ. ನೋವನ್ನು ತಾಳುವುದು ಪುಣ್ಯ, ಅದು ಪೂರ್ವಕರ್ಮದ ಫಲ, ಅನುಭವಿಸಿಯೇ ತೀರಬೇಕು ಎಂಬ ಮಾತನ್ನು ನಾವೆಲ್ಲರೂ ಕೇಳಿದ್ದೇವೆ. ಬೇರೆ ಉಪಾಯವಿಲ್ಲದ ಕಾಲದಲ್ಲಿ ಈ ಮಾತು ಎಷ್ಟೋ ಜನರಿಗೆ ಆಸರೆಯಾಗಿದ್ದಿತು. ತನ್ನ ನೋವಿಗೆ ಒಂದು ಅರ್ಥವಿದೆಯೆಂದು ತಿಳಿದವನು ಅರ್ಥವಿಲ್ಲವೆಂದು ತಿಳಿದವನಿಗಿಂತ ಹೆಚ್ಚು ತಾಳಬಲ್ಲನು. ಮಂತ್ರಜಪವೂ ಧ್ಯಾನವೂ ಭಜನೆಯೂ ನೋವಿನ ರಾತ್ರಿಗಳನ್ನು ದಾಟಿಸಿವೆ. ಬೀಸುವ ಕಲ್ಲಿನ ಮುಂದೆ ಕುಳಿತ ಹೆಂಗಸರು ಹಾಡಿನಿಂದಲೇ ರಟ್ಟೆಯ ನೋವನ್ನು ಮರೆತಿರುವರು. ಇದನ್ನು ಹಳಿಯಲು ನನಗೆ ಮನಸ್ಸಿಲ್ಲ.

ಆದರೆ ಮಹನೀಯರೇ, ಆಸರೆಯನ್ನು ಆಜ್ಞೆಯನ್ನಾಗಿ ಮಾಡಬಾರದು. ನಮ್ಮ ಹಿರಿಯರು ತಾಳಿದುದು ತಾಳಬೇಕೆಂಬ ವ್ರತದಿಂದಲ್ಲ, ತಾಳದೆ ಗತಿಯಿರಲಿಲ್ಲವಾದುದರಿಂದ. ಗತಿಯಿದ್ದಲ್ಲೆಲ್ಲ ಅವರು ಗತಿಯನ್ನು ಹುಡುಕಿದರೆಂಬುದಕ್ಕೆ ಇಷ್ಟು ಹೊತ್ತು ಹೇಳಿದುದೆಲ್ಲವೂ ಸಾಕ್ಷಿಯಾಗಿದೆ. ಒಳ್ಳೆಯ ರೋಗಿಯ ಲಕ್ಷಣಗಳನ್ನು ಚರಕರು ಹೇಗೆ ಹೇಳುವರು? ನೆನಪು, ವೈದ್ಯನ ಮಾತಿನಂತೆ ನಡೆಯುವುದು, ಅಂಜದಿರುವುದು, ಮತ್ತು ತನ್ನ ರೋಗವನ್ನು ತಿಳಿಯಹೇಳುವ ಶಕ್ತಿ. ಮೌನವಾಗಿ ಸಹಿಸುವುದು ಆ ಪಟ್ಟಿಯಲ್ಲಿಲ್ಲ. ನೋವನ್ನು ಹೇಳುವುದೇ ಗುಣ, ಮುಚ್ಚಿಡುವುದು ದೋಷ. ನಮ್ಮ ಮನೆಗಳಲ್ಲಿ ತಾಯಂದಿರು ವರ್ಷಗಟ್ಟಲೆ ನೋವನ್ನು ಸೆರಗಿನಲ್ಲಿ ಕಟ್ಟಿಕೊಂಡಿದ್ದು, ಹೇಳುವ ಹೊತ್ತಿಗೆ ರೋಗವು ಕೈಮೀರಿರುವುದನ್ನು ಎಷ್ಟು ಕಂಡಿಲ್ಲ!

ಈ ಭ್ರಾಂತಿಯು ನಮ್ಮೊಬ್ಬರದೇ ಎಂದು ನಾಚಬೇಕಾಗಿಲ್ಲ. ಸಿಂಪ್ಸನ್ನನು ಹೆರಿಗೆಯಲ್ಲಿ ಕ್ಲೋರೋಫಾರಮನ್ನು ಕೊಡತೊಡಗಿದಾಗ, ಹೆರಿಗೆಯ ನೋವು ದೇವರೇ ವಿಧಿಸಿದುದು, ಅದನ್ನು ತೆಗೆಯಬಾರದು ಎಂದು ಆಕ್ಷೇಪಿಸಿದವರು ಆ ದೇಶದಲ್ಲಿಯೂ ಇದ್ದರು. ಅವನು ಅವರ ಧರ್ಮಗ್ರಂಥದಿಂದಲೇ ಉತ್ತರವನ್ನು ಕೊಟ್ಟನು. 1853ರಲ್ಲಿ ವಿಕ್ಟೋರಿಯಾ ರಾಣಿಯು ತನ್ನ ಎಂಟನೆಯ ಹೆರಿಗೆಯಲ್ಲಿ ಆ ಔಷಧವನ್ನು ತೆಗೆದುಕೊಂಡ ಬಳಿಕ ಆಕ್ಷೇಪಗಳು ಬರಬರುತ್ತ ತಣ್ಣಗಾದವು. ನೋವು ಕರ್ಮಫಲವಾದರೆ ಅದನ್ನು ಕಳೆಯುವ ಔಷಧವು ದೊರೆತುದೂ ಕರ್ಮಫಲವೇ ಅಲ್ಲವೇ? ಹಸಿದವನನ್ನು ಕಂಡು ಅವನ ಕರ್ಮವೆಂದು ನಾವು ದಾಸೋಹದ ಬಾಗಿಲನ್ನು ಮುಚ್ಚುವುದಿಲ್ಲ. ನರಳುವವನ ವಿಷಯದಲ್ಲಿ ಮಾತ್ರ ಬೇರೆ ನ್ಯಾಯವೇಕೆ?

ಈ ಮಾತು ಇಂದಿನ ದಿವಸ ಎಷ್ಟು ಅವಶ್ಯವೆಂಬುದನ್ನು ಒಂದು ಉದಾಹರಣೆಯಿಂದ ಹೇಳಿ ಮುಗಿಸುತ್ತೇನೆ. ಅರ್ಬುದರೋಗವು, ಎಂದರೆ ಕ್ಯಾನ್ಸರು, ಬಲಿತ ಮೇಲೆ ಬರುವ ನೋವಿಗೆ ಮಾರ್ಫೀನು ಮುಖ್ಯವಾದ ಔಷಧ. ಅದನ್ನು ಕ್ರಮವಾಗಿ ಕೊಡುವ ಬಗೆಯನ್ನು ವಿಶ್ವ ಆರೋಗ್ಯ ಸಂಸ್ಥೆಯು 1986ರಲ್ಲಿಯೇ ಪ್ರಕಟಿಸಿತು. ಔಷಧಕ್ಕಾಗಿ ಅಫೀಮನ್ನು ಶಾಸನಬದ್ಧವಾಗಿ ಬೆಳೆದು ಪರದೇಶಗಳಿಗೂ ಕಳುಹಿಸಿದ ದೇಶ ನಮ್ಮದು. ಹೀಗಿದ್ದರೂ 1985ರ ಮಾದಕದ್ರವ್ಯಗಳ ಕಾಯಿದೆಯ ತರುವಾಯ ಪರವಾನಗಿಗಳ ತೊಡಕಿಗೆ ಹೆದರಿ ಎಷ್ಟೋ ಆಸ್ಪತ್ರೆಗಳು ಮಾರ್ಫೀನನ್ನು ಇಡುವುದನ್ನೇ ಬಿಟ್ಟುವು. 2014ರಲ್ಲಿ ಕಾಯಿದೆಯು ತಿದ್ದುಪಡಿಯಾಗಿ ದಾರಿ ಸ್ವಲ್ಪ ಸುಗಮವಾಯಿತು. ಆದರೂ ಅದು ಚಟವನ್ನು ಹಚ್ಚೀತೆಂಬ ಭಯದಿಂದ, ಅದನ್ನು ಕೊಟ್ಟರೆ ಸಾವು ಬಂತೆಂದೇ ಅರ್ಥವೆಂಬ ತಪ್ಪು ತಿಳಿವಳಿಕೆಯಿಂದ, ಅನೇಕ ಕುಟುಂಬಗಳು ಅದನ್ನು ಬೇಡವೆನ್ನುತ್ತವೆ. ಬಲ್ಲ ವೈದ್ಯನು ಅಳೆದು ಕೊಡುವ ಔಷಧಕ್ಕೂ ವ್ಯಸನಕ್ಕೂ ಇರುವ ಭೇದವನ್ನು ನಾವು ಜನರಿಗೆ ತಿಳಿಯಹೇಳಬೇಕು. ಔಷಧವೇ ಇಲ್ಲದ ಕಾಲದಲ್ಲಿ ನರಳಿದವರನ್ನು ಕುರಿತು ಕನಿಕರಪಡುವ ನಾವು, ಔಷಧವಿದ್ದೂ ನರಳುವವರನ್ನು ಕುರಿತು ಏನನ್ನಬೇಕು?

ಔಷಧವೊಂದೇ ಸಾಲದೆಂಬುದನ್ನೂ ಈ ಕಾಲದ ವೈದ್ಯರೇ ಮತ್ತೆ ಕಂಡುಕೊಂಡಿರುವರು. ಸಿಸಿಲಿ ಸಾಂಡರ್ಸ್ ಎಂಬ ವೈದ್ಯೆಯು 1967ರಲ್ಲಿ ಲಂಡನ್ನಿನಲ್ಲಿ ಮರಣಾಸನ್ನರಿಗಾಗಿ ಒಂದು ಆಲಯವನ್ನು ತೆರೆದು, ದೇಹದ ನೋವು, ಮನಸ್ಸಿನ ನೋವು, ಸಂಸಾರದ ಚಿಂತೆ, ಆತ್ಮದ ಕಳವಳ ಇವು ನಾಲ್ಕೂ ಸೇರಿ ಒಂದೇ ನೋವೆಂದು ಬೋಧಿಸಿದಳು. ನಮ್ಮ ನೆರೆಯ ಕೇರಳದ ಕೋಳಿಕೋಡಿನಲ್ಲಿ 1993ರಲ್ಲಿ ಆರಂಭವಾದ ಉಪಶಾಮಕ ಚಿಕಿತ್ಸೆಯ ಸಂಘದಿಂದ ಬೆಳೆದ ಕಾರ್ಯದಲ್ಲಿ ವೈದ್ಯರಲ್ಲದ ಸಾಮಾನ್ಯರು, ಅಂಗಡಿಯವರು, ಮಾಸ್ತರರು, ವಿದ್ಯಾರ್ಥಿಗಳು ತಮ್ಮ ಊರಿನ ರೋಗಿಗಳ ಮನೆಗೆ ಹೋಗಿ ಕುಳಿತು, ಮಾತನಾಡಿ, ಬೇಕಾದುದನ್ನು ಒದಗಿಸಿಕೊಡುವರು. ಬೆಂಗಳೂರಿನ ಕರುಣಾಶ್ರಯವು ಕೊನೆಯ ಹಂತದ ರೋಗಿಗಳನ್ನು ಧನಾಪೇಕ್ಷೆಯಿಲ್ಲದೆ ನೋಡಿಕೊಳ್ಳುತ್ತಿರುವುದು. ಚರಕರು ಹೇಳಿದ ಅನುರಾಗವುಳ್ಳ ಉಪಚಾರಕನೇ ಹೊಸ ಹೆಸರಿನಿಂದ ಹಿಂದಿರುಗಿ ಬಂದಿರುವನೆನ್ನಬಹುದಲ್ಲವೇ?

ಹೀಗೆ ನಾಲ್ಕು ಪಾದಗಳನ್ನೂ ನೋಡಿದಂತಾಯಿತು. ಪೂರ್ವಿಕರ ಮಂಚದಲ್ಲಿ ದ್ರವ್ಯದ ಕಾಲೂ ವೈದ್ಯನ ಕಾಲೂ ಕುಳ್ಳಾಗಿದ್ದು, ಉಪಚಾರಕನ ಕಾಲೂ ರೋಗಿಯ ಕಾಲೂ ನೀಳವಾಗಿದ್ದವು. ನಮ್ಮ ಮಂಚದಲ್ಲಿ ಮೊದಲಿನೆರಡು ನೀಳವಾಗಿ ಬೆಳೆದು, ಕಡೆಯ ಎರಡು ಕುಳ್ಳಾಗುತ್ತಲಿವೆ. ಎರಡೂ ಮಂಚಗಳ ಮೇಲೆ ಮಲಗಿದವನು ಜಾರಿಬೀಳುವನು. ಕಾಲುಗಳನ್ನು ಸಮಮಾಡುವುದೇ ನಮ್ಮ ಕಾರ್ಯ. ಔಷಧವನ್ನು ಒದಗಿಸುವುದು ಸರಕಾರದ್ದೂ ವೈದ್ಯರದ್ದೂ ಆಗಿರಲಿ. ರೋಗಿಯ ಬಳಿ ಕುಳಿತುಕೊಳ್ಳುವುದಕ್ಕೆ ಪರವಾನಗಿ ಬೇಡ, ಪದವಿ ಬೇಡ, ಧನವೂ ಬೇಡ. ಶ್ರೀಮಠದ ಪಾಠಶಾಲೆಯ ವಟುಗಳೂ ಊರೂರಿನ ಭಕ್ತರೂ ವಾರಕ್ಕೆ ಒಂದು ಜಾವವನ್ನು ತಮ್ಮ ಊರಿನ ಒಬ್ಬ ರೋಗಿಯ ಹಾಸಿಗೆಯ ಬಳಿ ಕಳೆಯುವ ನೇಮವನ್ನು ಈ ಮಹೋತ್ಸವದ ಸ್ಮರಣಾರ್ಥವಾಗಿ ಕೈಕೊಂಡರೆ, ಅನ್ನದಾಸೋಹದ ಪಕ್ಕದಲ್ಲಿ ಇನ್ನೊಂದು ದಾಸೋಹವು ಆರಂಭವಾದಂತಾಗುವುದು. ಕೋಡಿಯಮಠದ ಶಾಸನವನ್ನು ಕಲ್ಲಿನಲ್ಲಿ ಓದುವುದಕ್ಕಿಂತ ಹಾಗೆ ಓದುವುದೇ ಮೇಲಾದುದು.